ಬೀಡಿ, ಸಿಗರೇಟು ಮತ್ತು ಎದೆಯೊಳಗಿನ ರಕ್ತನಾಳ

(ತರುಣ ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)

 

ಸಿಗರೇಟು ಸೇದಿದರೆ ಕ್ಯಾನ್ಸರ್ ಬರ್ತದ ಅಂತ ಪ್ಯಾಕೆಟ್ಟಿನ ಮ್ಯಾಲೇ ಚಿತ್ರ ಅದ. ಅದನ್ನ ನೋಡಿಯೂ "ಬಂದಾಗ ನೋಡೋಣು" ಅಂತೀರಿ. ಕ್ಯಾನ್ಸರ್ ಬರದವರಿಗೂ ಹೊಗೆ ಮಾಡುವ ಹಾನಿಯೊಂದಿದೆ. ಅದು ಶ್ವಾಸಕೋಶದ ರಕ್ತನಾಳಗಳಿಗೆ ಆಗುವ ಹಾನಿ. ಇವತ್ತು ಅದನ್ನಷ್ಟೇ ಹೇಳ್ತೀನಿ.

ನಮ್ಮ ಎದೆಯೊಳಗೆ 30 ಕೋಟಿಗೂ ಹೆಚ್ಚು ಸಣ್ಣ ಗಾಳಿಚೀಲಗಳಿವೆ. ಒಂದೊಂದು ಚೀಲದ ಸುತ್ತ ಕೂದಲಿಗಿಂತ ಸಣ್ಣ ರಕ್ತನಾಳಗಳು ಬಲೆಯ ಹಾಗೆ ಹಬ್ಬಿವೆ. ಹೃದಯದ ಬಲಭಾಗ ರಕ್ತವನ್ನು ಇಲ್ಲಿಗೆ ಕಳಿಸುತ್ತದೆ. ಇಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಮೈಗೆಲ್ಲ ಹೋಗುತ್ತದೆ. ಈ ನಾಳಗಳಲ್ಲಿ ಒತ್ತಡ ಬಹಳ ಕಡಿಮೆ. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿ.ಪಿ.ಯ ಮೇಲಿನ ಅಂಕಿ 120 ಇದ್ದರೆ, ಇಲ್ಲಿ ಅದು 25ರ ಸುಮಾರು.

ಈಗ ಹೊಗೆ ಒಳಗೆ ಬಂತು ಅನ್ನಿ. ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ತಯಾರಿಸಿ ನಾಳವನ್ನು ಸಡಿಲವಾಗಿ ಇಡುತ್ತಿರುತ್ತದೆ. ಹೊಗೆ ಆ ಪದರವನ್ನೇ ಕೆಡಿಸುತ್ತದೆ. ನಾಳ ಬಿಗಿಯಾಗುತ್ತದೆ, ಗೋಡೆ ದಪ್ಪವಾಗುತ್ತದೆ, ದಾರಿ ಕಿರಿದಾಗುತ್ತದೆ. ದಮ್ಮು ಶುರುವಾಗದ ಸೇದುಗರಲ್ಲೂ ವೈದ್ಯರು ಈ ಬದಲಾವಣೆ ಕಂಡಿದ್ದಾರೆ. ಮುಂದೆ ಗಾಳಿಚೀಲಗಳು ಹರಿದರೆ ಅವುಗಳ ಸುತ್ತಲಿನ ಬಲೆಯೂ ಹೋಗುತ್ತದೆ. ಉಳಿದ ನಾಳಗಳ ಮೇಲೆ ಒತ್ತಡ ಏರುತ್ತದೆ. ಕಡಿಮೆ ಒತ್ತಡಕ್ಕೆಂದೇ ಇರುವ ಹೃದಯದ ಬಲಭಾಗ ಸೋಲುತ್ತಾ ಬರುತ್ತದೆ. ಆಗ ಕಾಲು ಬಾಯ್ತಾವ, ನಾಲ್ಕು ಹೆಜ್ಜಿಗೆ ಉಸಿರು ಹತ್ತತದ. ತೋಳಿನ ಬಿ.ಪಿ. ನೋಡಿದರೆ ಇದು ಗೊತ್ತಾಗೋದಿಲ್ಲ.

"ನಾ ಸೇದೋದು ಬೀಡಿ, ಅದು ಬರೀ ಎಲಿ" ಅನ್ನುವವರಿದ್ದಾರೆ. ಎಲೆಯೊಳಗೆ ಇರುವುದೂ ತಂಬಾಕೇ. ಬೀಡಿ ಆರಬಾರದೆಂದು ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಹಾಗಾಗಿ ವಿಷ ಸಿಗರೇಟಿಗಿಂತ ಕಡಿಮೆ ಹೋಗುವುದಿಲ್ಲ.

ಇದನ್ನು ನಮ್ಮ ಓಣಿಯಲ್ಲಿ ಯಾಕೆ ಹೇಳಬೇಕು? ಬುತ್ತಿ ಇಲ್ಲದ ಹೊತ್ತಿನಲ್ಲಿ ಬೀಡಿ ಹಚ್ಚಿ ಹಸಿವು ಮರೆತವರು ನಮ್ಮ ಹಿರಿಯರು. ಅವರನ್ನು ನಾನು ಹಳಿಯುವುದಿಲ್ಲ. ಆದರೆ ಕಬ್ಬು ಕಡಿಯುವವನಿಗೆ, ಹಮಾಲಿ ಮಾಡುವವನಿಗೆ, ಗಟಾರ ಬಳಿಯುವವನಿಗೆ ಹೊಲವಿಲ್ಲ, ಪಿಂಚಣಿ ಇಲ್ಲ. ಇರುವ ಆಸ್ತಿ ಉಸಿರೊಂದೇ. ಅದು ಹೋದರೆ ಕೂಲಿ ಹೋಯಿತು, ಕೂಲಿ ಹೋದರೆ ಮಕ್ಕಳ ಸಾಲಿ ಹೋಯಿತು. ಬಾಬಾಸಾಹೇಬರು ಮೊದಲು ಹೇಳಿದ್ದು ಕಲಿಯಿರಿ ಅಂತ. ಆ ಫೀಸಿನ ರೊಕ್ಕ ಪಾನಪಟ್ಟಿ ಅಂಗಡಿಗೆ ಹೋಗಬಾರದು.

ಬಿಟ್ಟರೆ ಲಾಭ ಅದ ಏನ್ರಿ? ಅದ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದ ಕಾರ್ಬನ್ ಮಾನಾಕ್ಸೈಡ್ ಒಂದೆರಡು ದಿನದಲ್ಲಿ ಇಳಿಯುತ್ತದೆ. ಹರಿದ ಚೀಲ ಮತ್ತೆ ಬೆಳೆಯುವುದಿಲ್ಲ, ಆದರೆ ಮುಂದಿನ ಹಾನಿ ನಿಧಾನವಾಗುತ್ತದೆ. ಅದಕ್ಕೇ ಇಪ್ಪತ್ತರಲ್ಲಿ ಬಿಡುವವನಿಗೆ ಉಳಿಯುವುದು ಹೆಚ್ಚು. ಮೊದಲ ಮೂರ್ನಾಲ್ಕು ದಿನ ಚಡಪಡಿಕೆ ಜೋರು, ಕೆಲವು ವಾರದಲ್ಲಿ ಇಳಿಯುತ್ತದೆ. ಒಬ್ಬರೇ ಬಿಡಲು ಆಗದಿದ್ದರೆ 1800-11-2356ಕ್ಕೆ ಫೋನ್ ಹಚ್ಚಿರಿ. ಸರ್ಕಾರದ ಸಹಾಯವಾಣಿ, ರೊಕ್ಕ ಬೀಳುವುದಿಲ್ಲ.

ಸಂಘಕ್ಕೆ ಒಂದೇ ಮಾತು. ನಮ್ಮ ಸಂಘದ ಕೋಣೆಯಲ್ಲಿ, ಬಾಬಾಸಾಹೇಬರ ಮೂರ್ತಿಯ ಕಟ್ಟೆಯ ಮೇಲೆ ಇವತ್ತಿನಿಂದ ಯಾರೂ ಕಡ್ಡಿ ಗೀರಬಾರದು. ಬಿಡುವವರು ಇಬ್ಬಿಬ್ಬರು ಜೋಡಿಯಾಗಿ ಬಿಡಿರಿ, ಒಬ್ಬರಿಗೊಬ್ಬರು ಕಾವಲಿರಿ.

ಜೈ ಭೀಮ್.