ಅರಳುಮರಳು

‘ಅರವತ್ತಕ್ಕೆ ಅರಳುಮರಳು’ ಎಂಬುದು ನಮ್ಮಲ್ಲಿ ರೂಢಿಯಾದ ಗಾದೆ. ಕನ್ನಡಕವನ್ನು ಎಲ್ಲಿಟ್ಟೆವೆಂಬುದನ್ನು ಮರೆಯುವುದು ವಯೋಧರ್ಮವೇ ಸರಿ. ಅದು ಏತಕ್ಕೆಂಬುದನ್ನೇ ಮರೆತರೆ ವ್ಯಾಧಿಯ ಸೂಚನೆ. 1906ರಲ್ಲಿ ಆಲ್ಜೈಮರ್ ಎಂಬ ಜರ್ಮನ್ ವೈದ್ಯನು, ಐವತ್ತರ ಪ್ರಾಯದಲ್ಲಿಯೇ ನೆನಪು ಕೆಟ್ಟಿದ್ದ ಸ್ತ್ರೀಯೊಬ್ಬಳ ಮಿದುಳನ್ನು ಅವಳ ಮರಣಾನಂತರ ಪರೀಕ್ಷಿಸಿ, ಅದು ಸವೆದು, ಜೀವಕಣಗಳಲ್ಲಿ ನಾರಿನ ಗಂಟುಗಳು ಬಿದ್ದಿದ್ದುದನ್ನು ಲೋಕಕ್ಕೆ ತಿಳಿಸಿದನು.

ಉಂಡ ಮೇಲೂ ‘ಊಟವಿಕ್ಕಲಿಲ್ಲ’ವೆಂದು ತಾಯಿ ನೆರೆಯವರಲ್ಲಿ ದೂರಿದರೆ ನಾವು ಹಠವೆಂದು ಗದರುವೆವು; ಅದು ಹಠವಲ್ಲ, ರೋಗ. ಥೈರಾಯ್ಡ್ ಗ್ರಂಥಿಯ ಮಾಂದ್ಯದಿಂದಲೂ ಬಿ12 ಜೀವಸತ್ತ್ವದ ಕೊರತೆಯಿಂದಲೂ ಮರೆವು ಬರುವುದುಂಟು. ಇವಕ್ಕೆ ಚಿಕಿತ್ಸೆಯೂ ಉಂಟು. ಆದುದರಿಂದ ಗಾದೆಯನ್ನು ನಂಬಿ ಸುಮ್ಮನಿರದೆ, ಹಿರಿಯರನ್ನು ಮೊದಲು ವೈದ್ಯರಲ್ಲಿಗೆ ಕರೆದೊಯ್ಯೋಣ. ವಾಸಿಯಾಗದ ಮರೆವೇ ಆದರೆ, ತಾಯಿಯೊಡನೆ ವಾದಿಸದೆ ಇನ್ನೊಂದು ತುತ್ತು ಬಡಿಸೋಣ.