ಬೆಳಗಿನ ಬಿಗಿ ಬೆನ್ನು

ನಂಜನಗೂಡಿನಲ್ಲಿ ನಸುಕಿಗೇ ಕಪಿಲೆಯಲ್ಲಿ ಮುಳುಗೆದ್ದು, ಒದ್ದೆ ಬಟ್ಟೆಯಲ್ಲೇ ಶ್ರೀಕಂಠೇಶ್ವರನಿಗೆ ಉರುಳುಸೇವೆ ಮಾಡುವವರನ್ನು ನೋಡಿದ್ದೀರಿ. ಟಿಪ್ಪುವಿನ ಆನೆಯ ಕಣ್ಣುಬೇನೆ ವಾಸಿಮಾಡಿ ಈ ದೇವರು ‘ಹಕೀಮ್ ನಂಜುಂಡ’ನಾದ ಐತಿಹ್ಯವನ್ನೂ ಬಲ್ಲಿರಿ. ಅದೇ ನಸುಕಿನಲ್ಲಿ ಮಗ್ಗುಲು ಬದಲಿಸಲಾಗದೆ, ಮಂಚದ ಅಂಚು ಹಿಡಿದು ಏಳುವ ಇಪ್ಪತ್ತೈದರ ಹುಡುಗ ನಮ್ಮ ಮನೆಯಲ್ಲೂ ಇರಬಹುದು.

ದುಡಿದ ನೋವು ಮಲಗಿದರೆ ಇಳಿಯುತ್ತದೆ. ಆದರೆ ಇಂಥ ಹುಡುಗರನ್ನು ಕಾಡಬಹುದಾದ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಕಾಯಿಲೆಯಲ್ಲಿ ಬೆನ್ನು ಮಲಗಿದರೆ ಬಿಗಿಯುತ್ತದೆ, ನಡೆದಾಡಿದರೆ ಸಡಿಲುತ್ತದೆ. ಬೆನ್ನುಮೂಳೆಯ ಕೀಲುಗಳ ಈ ಉರಿಯೂತವನ್ನು ಕಡೆಗಣಿಸಿದರೆ, ವರ್ಷಗಳು ಕಳೆದಂತೆ ಮೂಳೆಗಳೇ ಬೆಸೆದುಕೊಳ್ಳಬಹುದು. ‘ಈ ವಯಸ್ಸಿಗೇ ಬೆನ್ನುನೋವೇ?’ ಎಂದು ಆಡಿಕೊಳ್ಳುತ್ತಾ ಆ ವರ್ಷಗಳನ್ನು ಹಾಳುಮಾಡುವವರು ನಾವೇ.

ಇದು ಪೂರ್ತಿ ಹೋಗುವ ಕಾಯಿಲೆಯಲ್ಲ; ಹತೋಟಿಗೆ ಬರುವ ಕಾಯಿಲೆ. ದಿನವೂ ಗೋಡೆಗೆ ಹಿಮ್ಮಡಿ, ಬೆನ್ನು ತಾಗಿಸಿ ನಿಂತು, ತಲೆಯ ಹಿಂಬದಿಯೂ ಗೋಡೆ ಮುಟ್ಟುತ್ತದೆಯೇ ನೋಡಿಕೊಳ್ಳಿ. ಬೀಡಿ, ಸಿಗರೇಟು ಬಿಡಲೇಬೇಕು. ನೋವು ಇಳಿಯಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಕಾಯಿಲೆ ಮತ್ತೆ ಕೆರಳಬಹುದು. ಈಜು ಒಳ್ಳೆಯದು, ಆದರೆ ತಿರುಮಕೂಡಲಿನ ನದಿ ಸಂಗಮದ ಸೆಳವಿನಲ್ಲಲ್ಲ. ಬೆಸೆದ ಬೆನ್ನು ಸಣ್ಣ ಪೆಟ್ಟಿಗೂ ಮುರಿಯಬಹುದು. ಅಂಥವರು ಉರುಳುಸೇವೆಯ ಹರಕೆಯನ್ನು ಪ್ರದಕ್ಷಿಣೆ ನಡೆದು ತೀರಿಸಲಿ. ನಂಜುಂಡ ಬೇಸರಿಸಲಾರ.

ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ಬೆಳಕು ಚುಚ್ಚಿದರೆ ಅದೂ ಈ ಕಾಯಿಲೆಯದೇ ಮುಖವಿರಬಹುದು. ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ.

ಮನೆಯ ಹುಡುಗ ಹುಡುಗಿಯರಿಗೆ 3 ತಿಂಗಳು ಮೀರಿ ಬೆನ್ನುನೋವಿದ್ದು, ಬೆಳಗಿನ ಬಿಗಿತ ಅರ್ಧ ಗಂಟೆ ದಾಟುತ್ತಿದ್ದರೆ, ದಯವಿಟ್ಟು ಈ ವಾರವೇ ಸಂಧಿವಾತ ತಜ್ಞರ ಬಳಿಗೆ ಕರೆದೊಯ್ಯಿರಿ.