ಹಾರ್ಮೋನಿಯಂ ಪಕ್ಕದ ಜಾಗ

ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯ ಊರುಗಳಲ್ಲಿ ‘ಕುರುಕ್ಷೇತ್ರ’ ಅಂದರೆ ರಾತ್ರಿ ಊಟ ಮುಗಿಸಿ ಕೂತವರು ಕೋಳಿ ಕೂಗುವ ಹೊತ್ತಿಗೆ ಏಳುವ ನಾಟಕ. ಹಗಲಲ್ಲಿ ರಾಗಿ ಹೊಲದಲ್ಲೋ ಮಗ್ಗದ ಮುಂದೋ ದುಡಿದವರೇ ರಾತ್ರಿ ಕಿರೀಟ ತೊಟ್ಟು ದುರ್ಯೋಧನರಾಗುತ್ತಾರೆ. ನಡುವೆ ನೆಂಟರು ರಂಗಕ್ಕೇ ಹತ್ತಿ ಹಾರ ಹಾಕುತ್ತಾರೆ.

ಈ ಸೀಮೆಯ ನಾಟಕದ ಹುಚ್ಚಿನವರಿಗೆ ಹಾರ್ಮೋನಿಯಂ ಮೇಷ್ಟ್ರ ಪಕ್ಕದ ಜಾಗವೇ ಬೇಕು. ಪದ್ಯ ಹಾಡುವ ನಟನ ದನಿ ಜಾರಿದಾಗ ಮೇಷ್ಟ್ರು ಆ ಸ್ವರವನ್ನೇ ಒತ್ತಿ ಹಿಡಿದು ಎತ್ತಿ ನಿಲ್ಲಿಸುವುದು ಅಲ್ಲಿಂದಲೇ ಕಾಣುವುದು.

1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ 1930ರ ದಶಕದಲ್ಲಿ ತನ್ನ ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಹುಡುಗನಾಗಿ ಆ ಕಂಪನಿ ಸೇರಿದ ಬಿ.ವಿ. ಕಾರಂತರು ಮುಂದೆ ತಾವು ನಿರ್ದೇಶಿಸಿದ ‘ಜೋಕುಮಾರಸ್ವಾಮಿ’, ‘ಸತ್ತವರ ನೆರಳು’ ನಾಟಕಗಳಲ್ಲಿ ಹಾಡಿಗೆ ಬೇರೆಯೇ ದಾರಿ ತೋರಿದರು. ಅಲ್ಲಿ ಹಾಡು ಬಂತೆಂದು ಕಥೆ ನಿಲ್ಲುವುದಿಲ್ಲ. ಹಾಡೇ ಕಥೆಯನ್ನು ನಡೆಸುತ್ತದೆ. ಅವರು ರಂಗಕ್ಕೆ ತಂದ ಪು.ತಿ.ನ. ಅವರ ‘ಗೋಕುಲ ನಿರ್ಗಮನ’ವಂತೂ ಗೀತನಾಟಕವೇ.

ಹಳ್ಳಿಯ ನಾಟಕ, ಕಾರಂತರ ನಾಟಕ ಎರಡನ್ನೂ ನೋಡಿದ ಪ್ರೇಕ್ಷಕನಿಗೆ ಕಾರಂತರ ಹದ ಹೆಚ್ಚು ಹಿಡಿಸಬಹುದು. ಆದರೆ ಹಳ್ಳಿಯ ಕಂದಪದ್ಯದ ಕಸುವನ್ನು ಅವನು ಬಿಟ್ಟುಕೊಡಲಾರ. ಅವನ ಸಂಕಟ ಬೇರೆ: ಈಗ ಹಳ್ಳಿಯ ನಾಟಕದಲ್ಲೂ ಕೀಬೋರ್ಡು, ರಿದಂಪ್ಯಾಡುಗಳ ಅಬ್ಬರದಲ್ಲಿ ಪದ್ಯದ ಮಾತೇ ಕೇಳಿಸುವುದಿಲ್ಲ. ಕರ್ಣ ತನ್ನ ಹುಟ್ಟು ತಿಳಿದು ಕುಸಿಯುವಾಗ ಬೇಕಾದದ್ದು ಒಂದು ಶ್ರುತಿ, ಒಂದು ದನಿ. ಅಷ್ಟಕ್ಕೇ ಮುಂದಿನ ಸಾಲಿನ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ.